ಅಜ್ಜಿ ಕೈಬಿಡದ ಬಟ್ಟಲು

ಜವನಗೊಂಡನಹಳ್ಳಿ ದಾಟುತ್ತಲೇ ನಮ್ಮ ಬಸ್ಸು ರಸ್ತೆಯಿಂದ ಕೆಳಕ್ಕೆ ಮಗುಚಿತು. ನಾನೂ ಪಕ್ಕದ ಸೀಟಿನ ಜಪಾನಿ ಪ್ರವಾಸಿಯೂ ತೆವಳಿ ಹೊರಬಂದೆವು. ಒಳಗೆ ಕುರಿ ಕಾಯುವ ಅಜ್ಜಿಯೊಬ್ಬರ ಕಾಲು ಸೀಟಿನಡಿ ಸಿಕ್ಕಿತ್ತು. ಡೀಸೆಲ್ ಸೋರುತ್ತಿತ್ತು. ಅಜ್ಜಿ ನೀರು ಕೇಳಿದರು. ಪ್ರವಾಸಿ ತಮ್ಮ ಮರದ ಪೆಟ್ಟಿಗೆ ತೆರೆದು, ಪಿಂಗಾಣಿ ಸಂಗ್ರಹಿಸುವ ಗೆಳೆಯನಿಗೆಂದು ಊರಿನಿಂದ ತಂದಿದ್ದ, ಕೈಯಲ್ಲೇ ಮಾಡಿದ ಚಹಾ ಬಟ್ಟಲಿನಲ್ಲಿ ಪಕ್ಕದ ಹೊಲದ ಪಂಪಿನ ನೀರು ತಂದರು.

"ಎಂಜಲಾಗ್ತೈತಪ್ಪ, ಎತ್ತಿ ಹೊಯ್ಯಿ," ಎಂದು ಅಜ್ಜಿ ಬಾಯಿ ತೆರೆದರು.

ಸೀಟು ಮೀಟಲು ಎರಡೂ ಕೈ ಬೇಕಾಗಿ ಪ್ರವಾಸಿ ಬಟ್ಟಲನ್ನು ಅಜ್ಜಿಗೆ ಕೊಟ್ಟರು. ನಾನು ಎಳೆಯುವಾಗ ಅಜ್ಜಿ ಚೀರಿದರು, ಬಟ್ಟಲಿನ ಹಿಡಿತ ಸಡಿಲಿಸಲಿಲ್ಲ. ಹೊರಗೆ ಮಲಗಿಸಿದ ಮೇಲೆ ಬಟ್ಟಲನ್ನು ಪ್ರವಾಸಿಯತ್ತ ಚಾಚಿದರು. "ತಗಾಳಪ್ಪ, ಒಡ್ದಿಲ್ಲ ನೋಡು."

ಹಿರಿಯೂರಿನ ಆಸ್ಪತ್ರೆ ತಲುಪುವ ಮೊದಲೇ ಅಜ್ಜಿ ತೀರಿಕೊಂಡರು. ಈಗಲೂ ಡೀಸೆಲ್ ವಾಸನೆ ಬಂದರೆ ನನ್ನ ಬೆರಳುಗಳು ತಾವಾಗಿಯೇ ಏನನ್ನೋ ಬಿಗಿಯಾಗಿ ಹಿಡಿಯುತ್ತವೆ.