ದೊಡ್ಡಪ್ಪನ ಹೊಲದಲ್ಲಿ ನಾನು ಎಳೆದ ನೇರ ಗೆರೆ

ಮೂರು ವರ್ಷದ ಹಿಂದಿನ ಮಾತು. ಆಗಷ್ಟೇ ದಾವಣಗೆರೆಯಲ್ಲಿ ನನ್ನ ಡಿಗ್ರಿ ಮುಗಿದಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹರಿಹರ ತಾಲ್ಲೂಕಿನ ನಮ್ಮೂರಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಸಂಜೆ ಪಿ.ಜೆ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ರೋಗಿಗಳ ಚೀಟಿ ಬರೆದು ಓದಿದವಳು. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ನಮ್ಮ ದೊಡ್ಡಪ್ಪನ ಹೊಲ ಗುಡ್ಡದ ಇಳಿಜಾರಿನಲ್ಲಿದೆ. ಮಳೆ ಜೋರಾದಾಗಲೆಲ್ಲ ಮೇಲ್ಮಣ್ಣು ಕೊಚ್ಚಿ ಹೋಗಿ ಬರೀ ಕಲ್ಲುಹರಳಿನ ಗರಸು ಉಳಿದಿತ್ತು. ಆ ಬೇಸಿಗೆಯೆಲ್ಲ ದೊಡ್ಡಪ್ಪ, ದೊಡ್ಡಮ್ಮ ಕೆರೆಯ ತಳದ ಹೂಳು, ಅಂದರೆ ಗೋಡು, ಹೇರಿಸಿ ತಂದು ಹೊಲದ ತುಂಬ ಹರಡಿದ್ದರು. ಮುಂಗಾರಿಗೆ ಮುಂಚೆ ಅಡ್ಡಲಾಗಿ ಒಂದು ಒಡ್ಡು ಹಾಕದಿದ್ದರೆ ಆ ಗೋಡೂ ಕೆಳಗಿನ ಹಳ್ಳದ ಪಾಲು.

"ಓದಿದೋಳು ನೀನು, ಎಲ್ಲಿ ಹಾಕೋಣ ಹೇಳವ್ವ" ಅಂದರು ದೊಡ್ಡಪ್ಪ.

ನಾನು ಭೂಗೋಳ ಓದಿದ್ದೆ. ಇಳಿಜಾರು ಹೆಚ್ಚಿದಷ್ಟೂ ನೀರಿನ ಓಟ ಹೆಚ್ಚು, ಓಡುವ ನೀರು ಮಣ್ಣನ್ನೂ ಎಳೆದೊಯ್ಯುತ್ತದೆ ಎಂದು ಗೊತ್ತಿತ್ತು. ಈಚೆಯ ಬೇವಿನ ಮರದಿಂದ ಆಚೆಯ ಬಂಡೆಯವರೆಗೆ ಹಗ್ಗ ಕಟ್ಟಿ ನೇರ ಗೆರೆ ಎಳೆದೆ.

ದೊಡ್ಡಪ್ಪ ತಲೆ ಕೆರೆದುಕೊಂಡರು. "ನಡುವೆ ತಗ್ಗು ಐತಲ್ಲವ್ವ. ಮಳೆ ಬಂದಾಗ ಕಸ ನಿಲ್ಲೋ ಗೆರೆ ಅಲ್ಲಿ ಡೊಂಕಾಗಿ ಮೇಲಕ್ಕೆ ಹೋಗ್ತೈತೆ. ಒಡ್ಡೂ ಹಂಗೇ ಬಾಗಬೇಕೇನೋ."

"ಡೊಂಕು ಒಡ್ಡು ಹಾಕಿದ್ರೆ ಕುಡಿದು ಹಾಕಿದಂಗೆ ಕಾಣ್ತೈತೆ ದೊಡ್ಡಪ್ಪ, ಊರೋರು ನಗ್ತಾರೆ" ಅಂದೆ. ಅವರು ಮರುಮಾತಾಡದೆ ನನ್ನ ಗೆರೆಯ ಮೇಲೇ ಒಡ್ಡು ಹಾಕಿದರು.

ಮೆಕ್ಕೆಜೋಳ ಗೇಣುದ್ದ ಬಂದಿದ್ದಾಗ ಒಂದು ಮಧ್ಯಾಹ್ನ ದಪ್ಪ ಹನಿಯ ಮಳೆ ಶುರುವಾಯಿತು. ಮೂವರೂ ಹೊಲಕ್ಕೆ ಓಡಿದೆವು. ನೀರು ಒಡ್ಡಿನುದ್ದಕ್ಕೂ ನಿಲ್ಲಲಿಲ್ಲ. ಎರಡೂ ಕಡೆಯಿಂದ ಹರಿದು ನಡುವಿನ ತಗ್ಗಿಗೇ ಸೇರಿತು. ದೊಡ್ಡಪ್ಪ ಸಲಿಕೆ ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ ಒಡ್ಡು ಒಡೆದು, ಅಷ್ಟೂ ನೀರು ಒಂದೇ ಬಾಯಿಂದ ನುಗ್ಗಿತು. ಕಪ್ಪು ಗೋಡು, ಪೈರು ಎಲ್ಲ ಕಣ್ಣೆದುರೇ ಹಳ್ಳಕ್ಕೆ ಇಳಿಯಿತು. ಒಡ್ಡೇ ಇಲ್ಲದಿದ್ದರೂ ಇಷ್ಟು ಹೋಗುತ್ತಿರಲಿಲ್ಲವೇನೋ.

"ತಪ್ಪು ನಂದು ದೊಡ್ಡಪ್ಪ" ಅಂದೆ.

"ನಂದೂ ಐತೆ. ಗೊತ್ತಿದ್ದೂ ಬಾಯಿ ಮುಚ್ಕೊಂಡೆ."

"ಯಾಕ ಮುಚ್ಕೊಂಡ್ರಿ?"

"ನಮ್ಮನ್ಯಾಗೆ ಓದಿದ್ದು ನೀನೊಬ್ಬಳೇ. ನಿನ್ನ ಮಾತು ತೆಗೆದುಹಾಕಬಾರ್ದು ಅನ್ನಿಸ್ತು."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಳೆ ನಿಂತು ಹೊಳವಾದ ಮೇಲೆ, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು ಕೇಳಿ ತಂದೆ. ನಾನು ಒಂದು ತುದಿ, ದೊಡ್ಡಪ್ಪ ಇನ್ನೊಂದು ತುದಿ ಹಿಡಿದು, ಹೆಜ್ಜೆ ಹೆಜ್ಜೆಗೂ ಮಟ್ಟ ನೋಡಿ ಗೂಟ ಹೊಡೆದೆವು. ಗೂಟದ ಸಾಲು ತಗ್ಗಿನಲ್ಲಿ ಬಾಗಿ ಮೇಲೇರಿತು, ಅವರು ಹೇಳಿದ್ದ ಕಸದ ಗೆರೆಯ ಹಾಗೆಯೇ. ಹೊಸ ಒಡ್ಡನ್ನು ಅದರ ಮೇಲೆ ಹಾಕಿದೆವು.

ಇನ್ನು ಉಳಿದದ್ದು ಹಳ್ಳದಲ್ಲಿ ನಿಂತಿದ್ದ ಗೋಡನ್ನು ಮೇಲೆ ತರುವ ಕೆಲಸ. ನಾನು ಸಪ್ಪಗೆ ನಿಂತಿದ್ದು ನೋಡಿ ದೊಡ್ಡಮ್ಮ, "ಏ ಡಿಗ್ರಿ, ಬುಟ್ಟಿ ಎತ್ತು. ಇದಕ್ಕೂ ಹಗ್ಗ ಕಟ್ಟಬೇಕೇನು?" ಅಂದರು. ಅಳು ಬರುವ ಹೊತ್ತಿನಲ್ಲಿ ನಗು ಬಂತು. ಅರ್ಧ ಗಂಟೆಯಲ್ಲಿ ಇಳಿದ ಮಣ್ಣಿನಲ್ಲಿ ಸಿಕ್ಕಷ್ಟನ್ನು ತಲೆಯ ಮೇಲೆ ಹೊತ್ತು ಹತ್ತಿಸಲು ನಮಗೆ ಹನ್ನೊಂದು ದಿನ ಹಿಡಿಯಿತು. ಸಿಗದೆ ಹೋದದ್ದೇ ಹೆಚ್ಚು.

ಈಗ ಹೊಸ ಒಡ್ಡು ನಿಂತಿದೆ. ಆದರೆ ನನ್ನ ಮಾತಿಗೆ ಹಿರಿಯರು ಯಾರಾದರೂ ಬೇಗ ತಲೆಯಾಡಿಸಿದರೆ ಇವತ್ತಿಗೂ ನನಗೆ ದಿಗಿಲಾಗುತ್ತದೆ. ಪಕ್ಕದಲ್ಲಿ ಕೂತು, ಯಾವ ಮಾತು ನುಂಗಿಕೊಂಡಿರಿ ಹೇಳಿ ಎಂದು ಕೇಳಿಯೇ ಏಳುತ್ತೇನೆ.