ತಾರಸಿಯ ಮೇಲೆ ದೋಣಿ ಕಟ್ಟಿದವಳು

ಅವಳ ಬೆರಳುಗಳ ಮೇಲೆ ಯಾವಾಗಲೂ ಒಣಗಿದ ಅಂಟು ಇರುತ್ತಿತ್ತು. ಉಗುರಿನ ಸಂದಿಯಲ್ಲಿ ಸೇರಿಕೊಂಡು ಸೋಪಿಗೂ ಸೀಮೆಎಣ್ಣೆಗೂ ಜಗ್ಗದ, ಗಾಜಿನ ಹಾಗೆ ಹೊಳೆಯುವ ಹಳದಿ ಅಂಟು. ಮಾತಾಡುತ್ತ ಅದನ್ನು ಸಿಪ್ಪೆಯ ಹಾಗೆ ಸುಲಿಯುವಳು. ಆಫೀಸಿನ ಮೀಟಿಂಗಿನಲ್ಲಿ ಯಾರೋ ಆ ಕೈ ನೋಡಿ ಮುಖ ಸಿಂಡರಿಸಿದರಂತೆ. “ಕಾಣ್ಲಿ ಬಿಡ್. ಇದ್ ಕೆಲ್ಸ ಮಾಡು ಕೈ,” ಎಂದಿದ್ದಳು.

ಸೂರತ್ತಿನ ಅಡಾಜಣ್‌ನಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನಾನು ಗದಗದ ಕಡೆಯವಳು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅವಳು ಕುಂದಾಪುರದ ಕಡಲ ಕಡೆಯ ಮೀನುಗಾರರ ಮನೆಯವಳು, ಮೆಕ್ಯಾನಿಕಲ್ ಇಂಜಿನಿಯರ್. ನನಗಿಂತ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಮಗ್ಗದ ಯಂತ್ರ ತಯಾರಿಸುವ ಕಂಪನಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಡ್ರಾಯಿಂಗ್ ಮಾಡಿಸುತ್ತಿತ್ತು. ಯಂತ್ರದ ಹತ್ತಿರ ಹೋದರೆ, ಕೈ ಕೊಳೆಯಾಗುತ್ತದೆ ಮೇಡಂ ಎಂದು ವಾಪಸ್ ಕಳಿಸುವರು. ಆ ಮರ್ಯಾದೆ ಕಂಡರೆ ಅವಳಿಗೆ ಮೈ ಉರಿ. ಭಾನುವಾರ ಸೂರತ್ತಿನದೇ ಇನ್ನೊಂದು ಬಡಾವಣೆ ಕತಾರ್‌ಗಾಮ್‌ನ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ, ಕಲಿಸಿ ಎಂದು ನಿಂತಳು. ಓಡಿಸಿದರು. ಮುಂದಿನ ವಾರ ಮತ್ತೆ ಹೋದಳು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಮನೆಗೆ ಅವಳೇ ಮಾಡಿದ ಕಬ್ಬಿಣದ ಮಂಚ ಬಂತು. ಸ್ವಲ್ಪ ಸೊಟ್ಟಗಿತ್ತು, ಆದರೆ ಅಲುಗುತ್ತಿರಲಿಲ್ಲ. ಮರಗೆಲಸವನ್ನು ವಿಡಿಯೊ ನೋಡಿ ಕಲಿತಳು. ಅದಕ್ಕಿಂತ ಹೆಚ್ಚಾಗಿ ಹಲಗೆ ಹಾಳು ಮಾಡಿ ಕಲಿತಳು.

ಒಂದು ದಿನ ಪ್ಲೈವುಡ್ ಹಾಳೆಗಳನ್ನು ತಾರಸಿಗೆ ಹೊರಿಸಿದಳು.

“ಇಷ್ಟೆಲ್ಲಾ ತಗೊಂಡು ಏನ್ ಮಾಡ್ತಿ ಅಕ್ಕಾ? ಕಪಾಟೇನು?”

“ದೋಣಿ.”

ನಾನು ನಕ್ಕೆ. ಅವಳು ನಗಲಿಲ್ಲ.

ಚಿಕ್ಕವಳಿದ್ದಾಗ, ಮರಳಿನ ಮೇಲೆ ಎಳೆದಿಟ್ಟಿದ್ದ ಅಪ್ಪನ ದೋಣಿಯನ್ನು ಹತ್ತಿ ಕೂತಿದ್ದಳಂತೆ. ಅಪ್ಪ ರಟ್ಟೆ ಹಿಡಿದು ಇಳಿಸಿ, ಅವಳ ಕಣ್ಣೆದುರೇ ದೋಣಿಗೆ ನೀರು ಹಾಕಿ ತೊಳೆದರಂತೆ. ಹೆಣ್ಣು ಮೀನು ಮಾರಬಹುದು, ದೋಣಿ ಹತ್ತಬಾರದು; ಅದು ಅವರ ಮನೆಯ ಕಟ್ಟು. ಆ ನೀರನ್ನು ಅವಳು ಇಷ್ಟು ವರ್ಷ ಮರೆತಿರಲಿಲ್ಲ.

ಅವಳ ಸೋದರಮಾವ ದೋಣಿ ಕಟ್ಟುವ ಬಡಗಿ. ಹಲಗೆ ಬಗ್ಗಿಸುವುದು ಹೇಗೆಂದು ಫೋನಿನಲ್ಲಿ ಕೇಳಿದಳು. “ನಿಂಗೆಂತಕ್ಕೆ ಅದ್? ಮದ್ವೆ ಸುದ್ದಿ ಇದ್ರೆ ಹೇಳ್,” ಎಂದು ಅವರು ಫೋನಿಟ್ಟರು.

“ಹೇಳ್ದಿದ್ರೆ ಬ್ಯಾಡ,” ಎಂದಳು ನನ್ನ ಕಡೆ ತಿರುಗಿ. “ಹಲಗೆಗೆ ಗಂಡ್ ಹೆಣ್ಣ್ ಗೊತ್ತಿತ್ತಾ?”

ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗಳಿಗೆ ಗಾಜಿನ ನೂಲಿನ ಬಟ್ಟೆ ಹಾಸಿ ಅಂಟು ಕುಡಿಸುವ ವಿಧಾನವನ್ನು ಅವಳೇ ಹುಡುಕಿಕೊಂಡಳು. ಮೊದಲನೆಯದು ಪುಟ್ಟ ದೋಣಿ, ಮೆಟ್ಟಿಲಲ್ಲೇ ಇಳಿಸಿದೆವು. ತಾಪಿ ನದಿಗೆ ಬಿಟ್ಟು ಅವಳು ಸರಿಯಾಗಿ ಕೂರುವ ಮೊದಲೇ ನೀರು ಪಾದ ಮುಚ್ಚಿತು. ದಡದಲ್ಲಿದ್ದವರು ನಕ್ಕರು, ಮೊಬೈಲಿನಲ್ಲಿ ಹಿಡಿದರು. ಹಾಗೆ ನಗುತ್ತಿದ್ದವನೊಬ್ಬನನ್ನೇ ಕರೆದು, “ಭೈಯ್ಯಾ, ಆ ತುದಿ ಹಿಡಿ,” ಎಂದು ದೋಣಿ ಎತ್ತಿಸಿದಳು.

ಮನೆಗೆ ತಂದು ಅದನ್ನು ಗರಗಸದಿಂದ ಅಡ್ಡಕ್ಕೆ ಕೊಯ್ದಳು. “ಕಾಣ್,” ಎಂದು ಸಂದಿ ತೋರಿಸಿದಳು. “ಅಂಟ್ ಅಷ್ಟೂ ಒಟ್ಟಿಗೇ ಕಲಸಿದ್ದೆ. ಈ ಸೆಕೆಗೆ ಡಬ್ಬಿಯಲ್ಲೇ ಗಟ್ಟಿಯಾತ್. ಒಳಗೆ ಇಳಿಲೇ ಇಲ್ಲೆ.”

“ಬ್ಯಾಸರ ಆಗಲಿಲ್ಲೇನಕ್ಕಾ?”

“ಆತ್. ಈಗ ಗೊತ್ತೂ ಆತಲೆ.”

ಎರಡನೆಯದು ಇಬ್ಬರು ಕೂರುವ ದೋಣಿ. ಅದು ಅರ್ಧವಾಗುವಷ್ಟರಲ್ಲಿ ಫ್ಲ್ಯಾಟ್ ಮಾಲೀಕರ ಸೊಸೈಟಿಯವರು ತಾರಸಿಗೆ ಬಂದರು. ಬಾಡಿಗೆಗಿರುವ ಹುಡುಗಿಯರು, ಮೇಲಾಗಿ ಹೊರರಾಜ್ಯದವರು. ಸದ್ದು, ವಾಸನೆ, ಈಗ ಇದು ಬೇರೆ ಎಂದು ಅವರ ತಕರಾರು. ಅಧ್ಯಕ್ಷರು ದೋಣಿಯ ಸುತ್ತ ನಡೆದು ಹಿಂದಿಯಲ್ಲಿ ಹೇಳಿದರು: “ನೋಡಿ ಬೆಹನ್, ಇದು ಲಿಫ್ಟಿನಲ್ಲಿ ಹೋಗಲ್ಲ. ಮೆಟ್ಟಿಲ ತಿರುವಿನಲ್ಲೂ ತಿರುಗಲ್ಲ. ಒಡೆದು ಖಾಲಿ ಮಾಡಿ.”

“ಒಡೆಯಲ್ಲ ಅಂಕಲ್,” ಎಂದಳು ಇವಳೂ ಹಿಂದಿಯಲ್ಲೇ. “ಮುಗಿಸಿ ಇಳಿಸ್ತೀನಿ.”

“ಹೇಗೆ ಇಳಿಸ್ತೀರಿ?”

“ಗೋಡೆ ಮೇಲಿಂದ.”

ಇಳಿಸಿದಳು. ವೆಲ್ಡಿಂಗ್ ಅಂಗಡಿಯ ಇಬ್ಬರು ರಾಟೆ, ಹಗ್ಗ ಹಿಡಿದು ಬಂದರು. ಕೆಳಗಿನ ಹಗ್ಗ ನನ್ನ ಕೈಯಲ್ಲಿತ್ತು. ನಡುವೆ ಗಾಳಿ ಬೀಸಿ ದೋಣಿ ತಿರುಗಿತು, ಅಧ್ಯಕ್ಷರ ಮನೆಯ ಕಿಟಕಿಯತ್ತಲೇ ವಾಲಿತು. ಅವರು ಕೆಳಗೆ ನಿಂತು ಕೂಗಾಡುತ್ತಿದ್ದರೆ, ಅವರ ಹೆಂಡತಿ ಕಿಟಕಿಯಿಂದ ನೆಲ ಒರೆಸುವ ಕೋಲು ಚಾಚಿ ದೋಣಿಯನ್ನು ಮೆಲ್ಲಗೆ ಆಚೆ ತಳ್ಳಿದರು. ಕೆಳಗೆ ಮುಟ್ಟುವವರೆಗೂ ಆ ಕಿಟಕಿಯಲ್ಲೇ ನಿಂತಿದ್ದರು.

ನದಿಯ ದಡದಲ್ಲಿ ನಾನು ಹಿಂದೆಯೇ ನಿಂತೆ. “ನಂಗ ಈಜು ಬರೂದಿಲ್ಲಕ್ಕಾ. ನಮ್ಮೂರಾಗ ಕೆರಿನ ಬತ್ತಿ ಹೋಗತೈತಿ.”

“ಲೈಫ್ ಜಾಕೆಟ್ ಹಾಕಿದ್ಯಲೆ. ಕೂಕೋ.”

ಕೂತೆ. ದೋಣಿ ಒಮ್ಮೆ ತೊನೆದಾಡಿ ನಿಂತಿತು. ನಾನು ತಳ ಮುಟ್ಟಿ ನೋಡಿದೆ, ಒಣಗಿತ್ತು. ಅವಳು ನನ್ನ ಮುಂದೆ ಕೂತು ಹುಟ್ಟು ಹಾಕುತ್ತ ನದಿಯ ನಡುವಿಗೆ ಒಯ್ದಳು. ನನ್ನ ಮುಖ ನೋಡಲಿಲ್ಲ, ಅಳುತ್ತಿದ್ದಳೆಂದು ಬೆನ್ನಿನಿಂದಲೇ ತಿಳಿಯಿತು.

ನಾನು ತೆಗೆದ ವಿಡಿಯೊವನ್ನು ಅಪ್ಪನಿಗೆ ಕಳಿಸಿದಳು. ಒಂದು ವಾರದ ಮೇಲೆ ಅವರ ಫೋನ್ ಬಂತು. ಹೇಗಿದ್ದೀ ಎಂದೂ ಕೇಳದೆ ಅವರು ಹೇಳಿದ್ದಿಷ್ಟು: “ದೋಣಿ ಎದುರು ಬದಿ ಎತ್ತರ ಸಾಲ್ದ್. ಸಮುದ್ರಕ್ಕೆ ಆತಿಲ್ಲೆ ಅದ್.”

“ಹಂಗಾರೆ ಸಮುದ್ರಕ್ಕೆ ಬೇರೆ ಮಾಡ್ತೆ,” ಎಂದಳು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. ಸೊಸೈಟಿಯವರು ಮನೆ ಮಾಲೀಕರಿಗೆ ಹೇಳಿ ನಮ್ಮಿಂದ ಮನೆ ಬಿಡಿಸಿದರು. ಕತಾರ್‌ಗಾಮ್‌ನಲ್ಲಿ ಒಂದೇ ಕೋಣೆ ಸಿಕ್ಕಿತು, ಸುತ್ತ ಇಡೀ ದಿನ ಯಂತ್ರಗಳ ಗದ್ದಲ. “ಇಲ್ಲ್ ನಮ್ ಸದ್ದ್ ಯಾರಿಗೂ ಕೇಂತಿಲ್ಲೆ,” ಎಂದು ಅವಳು ಹಿಗ್ಗಿದಳು. ಮುಂದೆ ಕೆಲಸ ಬಿಟ್ಟು ಊರಿಗೆ ಹೋಗಿ, ಕಡಲ ತೀರದಲ್ಲಿ ಶೆಡ್ ಹಾಕಿದಳು. ಫೈಬರ್ ದೋಣಿ ರಿಪೇರಿ ಮಾಡುತ್ತಾಳೆ, ಹೊಸದನ್ನೂ ಕಟ್ಟುತ್ತಾಳೆ. ಹೆಣ್ಣಿನ ಕೈಗೆ ದೋಣಿ ಕೊಡದವರು ಇನ್ನೂ ಇದ್ದಾರೆ. ಒಮ್ಮೆ ಕೊಟ್ಟವರು ಮತ್ತೆ ಬರುತ್ತಾರೆ.

ನಾನೀಗ ವಡೋದರಾದಲ್ಲಿದ್ದೇನೆ. ಈಚೆಗೆ ಲ್ಯಾಬಿನಲ್ಲಿ ಬಣ್ಣದ ಯಂತ್ರದ ಪಂಪು ಕೆಟ್ಟು ನಿಂತಿತು. ಸರ್ವಿಸಿನವರು ಬರುವುದು ತಡವಾಗುತ್ತದೆಂದು ಗೊತ್ತಾಯಿತು. ಕರೆಂಟು ತೆಗೆದು, ಸ್ಪ್ಯಾನರ್ ಹಿಡಿದು ಕೂತೆ. “ಅದು ನಿಮ್ಮ ಕೆಲಸ ಅಲ್ಲ ಮೇಡಂ, ಮುಟ್ಟಬೇಡಿ,” ಎಂದರು ಮ್ಯಾನೇಜರು. ಅಷ್ಟರಲ್ಲಿ ಮುಚ್ಚಳ ಬಿಚ್ಚಿಯಾಗಿತ್ತು. ಇಂಥ ಮಾತಿಗೆ ಎದ್ದು ಹೋಗದೆ ಕೂರುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ಅವಳು ಕಲಿಸಿದಳು.

ಆವತ್ತು ಪಂಪು ಓಡಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಮತ್ತೆ ಬಿಚ್ಚಿದೆ.