ಶಾಲು ಹಾಕದ ಡೊಳ್ಳಿನವರು

ಚುನಾವಣೆ ಬಂತೆಂದರೆ ನಮ್ಮ ಅಂಗಡಿಗೆ ಬರುವ ಹೆಂಗಸರು ಸೀರೆಯ ಬಣ್ಣದ ವಿಷಯದಲ್ಲಿ ಬಹಳ ಹುಷಾರಾಗಿಬಿಡುತ್ತಾರೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ನನ್ನದು. ಬೇರೆ ದಿನಗಳಲ್ಲಿ ಸೆರಗು, ಅಂಚು, ಒಗೆದರೆ ಬಣ್ಣ ಹೋಗುತ್ತದಾ ಅಂತ ಕೇಳುವವರು ಆ ತಿಂಗಳು ಮಾತ್ರ ಬೇರೆಯದೇ ರಾಗ ತೆಗೆಯುತ್ತಾರೆ.

"ಇದು ಬ್ಯಾಡ ಬಿಡ್ರೀ. ಇದನ್ನ ಉಟ್ಕಂಡು ಹೊರಗೆ ಹೋದ್ರೆ ನಮ್ ಭಾವನೋರು ನಾನು ಆ ಪಕ್ಷ ಸೇರಿದೆ ಅಂತಾರೆ."

"ಹಸಿರು ತಗಳ್ರಿ ಹಂಗಾದ್ರೆ."

"ಹಸಿರೂ ಒಬ್ಬರದ್ದು ಐತಲ್ರೀ!"

ನಮ್ಮ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಇದನ್ನೆಲ್ಲ ಕೇಳಿ ನಗುತ್ತಿದ್ದರು. ಹಣೆತುಂಬ ವಿಭೂತಿ, ಬಾಯಲ್ಲಿ ಸದಾ ರಾಜಕೀಯ. ಅವರದು ಒಂದು ಪಕ್ಷ, ಅವರ ಜೊತೆಗೇ ವ್ಯಾಪಾರ ಮಾಡುವ ತಮ್ಮನದು ಇನ್ನೊಂದು. ಅಣ್ಣತಮ್ಮಂದಿರು ಒಂದೇ ಬುತ್ತಿಯಲ್ಲಿ ಊಟ ಮಾಡುತ್ತ ಜಗಳವಾಡುತ್ತಿದ್ದರು. ಗಿರಾಕಿ ಒಳಗೆ ಬಂದ ಕೂಡಲೇ ಇಬ್ಬರೂ ಸುಮ್ಮನಾಗಿ "ಬರ್ರೀ, ಬರ್ರೀ" ಅನ್ನುತ್ತಿದ್ದರು. ಹೊರಗೆ ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಸೇರಿಸಿದ ಹಾಡು ಹಾಕಿಕೊಂಡು ಆಟೋ ಹೋಗುತ್ತಿತ್ತು. ಅದರ ಹಿಂದೆಯೇ ಅದೇ ಧಾಟಿಗೆ ಇನ್ನೊಬ್ಬರ ಹೆಸರು ಸೇರಿಸಿದ ಆಟೋ ಬರುತ್ತಿತ್ತು.

ಅಂಥದ್ದೇ ಒಂದು ಬೆಳಿಗ್ಗೆ ನಮ್ಮ ಅತ್ತಿಗೆ ಅಂಗಡಿಗೆ ಬಂದಳು. ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಸೊರಬ ತಾಲೂಕಿನ ಉಳವಿಯ ಕಡೆ ನಮ್ಮ ಊರು. ಅಲ್ಲಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಚೀಲ ಕೆಳಗಿಡದೆಯೇ ಹೇಳಿದಳು: "ಡೊಳ್ಳಿನ ತಂಡಕ್ಕೆ ಒಂದೇ ಥರದ ಸೀರೆ ಬೇಕು ಕಣೇ. ಯಾವ ಪಕ್ಷದ ಬಣ್ಣಾನೂ ಆಗಬಾರದು."

ನಮ್ಮದು ಕುರಿ ಸಾಕುವ ಮನೆತನ. ಡೊಳ್ಳು ನಮ್ಮಲ್ಲಿ ದೇವರ ಮುಂದೆ ಬಡಿಯುವ ವಾದ್ಯ, ಅದೂ ಗಂಡಸರದು. ನಮ್ಮಣ್ಣನ ವಾರಗೆಯವರೆಲ್ಲ ಲಾರಿ ಓಡಿಸಲು, ಬೋರ್‌ವೆಲ್ ಗಾಡಿಯ ಕೆಲಸಕ್ಕೆ ಹೋದ ಮೇಲೆ ಡೊಳ್ಳುಗಳು ಗೋಡೆಯ ಗೂಟಕ್ಕೆ ನೇತುಬಿದ್ದಿದ್ದವು. ಅವನ್ನು ಕೆಳಗಿಳಿಸಿದವಳು ಅತ್ತಿಗೆ. ಅವಳ ಅಪ್ಪ ಒಳ್ಳೆಯ ಡೊಳ್ಳುಗಾರ. ಕುರಿ ಹಿಂದೆ ಹೋಗುವಾಗ ಮಗಳು ಖಾಲಿ ಡಬ್ಬಿ ಬಡಿದು ಬಡಿದೇ ಬಡಿತದ ಎಲ್ಲ ವರಸೆ ಕಲಿತಿದ್ದಳು. ಓರಗಿತ್ತಿಯರನ್ನು, ಪಕ್ಕದ ಮನೆಯವರನ್ನು ಸೇರಿಸಿ, ರಜೆಯ ದಿನ ನನ್ನನ್ನೂ ಕರೆಸಿ ಹಿತ್ತಲಲ್ಲಿ ಕಲಿಸಿದಳು. ಹೆಂಗಸರು ಡೊಳ್ಳು ಮುಟ್ಟಿದರೆ ಮೈಲಿಗೆ ಅಂತ ಊರ ಹಿರಿಯರೊಬ್ಬರು ತಕರಾರು ತೆಗೆದರು.

"ಈ ಕುರಿಗೆ ಸೊಪ್ಪು ಹಾಕಿದ್ದು, ಕೊಟ್ಟಿಗೆ ಬಳಿದದ್ದು ನಾವೇ ಅಲ್ಲೇನ್ರೀ ಮಾವ? ಆವಾಗ ಇಲ್ಲದ ಮೈಲಿಗೆ ಚರ್ಮ ಬಿಗಿದ ಮೇಲೆ ಎಲ್ಲಿಂದ ಬರ್ತದೆ?" ಅಂದಳು ಅತ್ತಿಗೆ. ಹಿರಿಯರು ಎಲೆಅಡಿಕೆ ಉಗುಳುವ ನೆವದಲ್ಲಿ ಎದ್ದು ಹೋದರು. ಮರುವರ್ಷ ದೇವರ ಮುಂದೆ ನಾವೇ ಬಡಿದೆವು. ಅದೇ ಹಿರಿಯರು ಎದುರಿಗೇ ಕಂಬಳಿ ಹಾಸಿಕೊಂಡು ಕೂತಿದ್ದರು.

ಈಗ ಲೋಕಸಭೆ ಚುನಾವಣೆಯ ಪ್ರಚಾರಕ್ಕೆ ಶಿಕಾರಿಪುರದಲ್ಲಿ ಒಂದು ಪಕ್ಷದವರು ಮೆರವಣಿಗೆ ಇಟ್ಟುಕೊಂಡಿದ್ದರು. ಒಬ್ಬ ಸಿನಿಮಾ ನಟ ಬರುವವನಿದ್ದ. ಮುಂದೆ ಮಹಿಳಾ ಡೊಳ್ಳು ಇರಬೇಕು ಅಂತ ನಮ್ಮನ್ನು ಕರೆದಿದ್ದರು. ನಮ್ಮ ತಂಡದಲ್ಲಿ ಎಲ್ಲ ಪಕ್ಷದವರ ಮನೆಯವರೂ ಇದ್ದಾರೆ. ಒಬ್ಬಳ ಗಂಡನಂತೂ ಎದುರು ಪಕ್ಷದ ಬೂತ್ ಕೆಲಸ ನೋಡಿಕೊಳ್ಳುವವನು. ಹಾಗಾಗಿ ಕರೆಯಲು ಬಂದ ಮುಖಂಡರೊಬ್ಬರಿಗೆ ಅತ್ತಿಗೆ ಮೊದಲೇ ಹೇಳಿದ್ದಳು: "ಡೊಳ್ಳು ಬಡಿತೀವಿ. ಶಾಲು, ಟೋಪಿ ಹಾಕ್ಕಳಲ್ಲ. ಘೋಷಣೆ ಕೂಗಲ್ಲ." ಮುಖಂಡರು ಆಯ್ತು ಅಂದಿದ್ದರು.

ಆದರೆ ಯಾವ ಪಕ್ಷದ್ದೂ ಅಲ್ಲದ ಬಣ್ಣ ಹುಡುಕುವುದು ಎಷ್ಟು ಕಷ್ಟ ಅಂತ ನನಗೆ ಅವತ್ತು ಗೊತ್ತಾಯಿತು. ನಾನು ಒಂದೊಂದು ಸೀರೆ ಬಿಚ್ಚಿದಂತೆ ಯಜಮಾನರೂ ಅವರ ತಮ್ಮನೂ ಒಂದೊಂದು ಪಕ್ಷದ ಹೆಸರು ಹೇಳುತ್ತಿದ್ದರು. ಕೆಂಪು ಅಂದರೆ ಅದಕ್ಕೂ ಒಂದು ಪಕ್ಷ, ನೀಲಿ ಅಂದರೆ ಅದಕ್ಕೂ ಒಂದು. ಹಳದಿ ಬಿಚ್ಚಿದಾಗ ಇಬ್ಬರೂ ತಲೆಕೆಡಿಸಿಕೊಂಡು, ಆಂಧ್ರದ ಕಡೆ ಯಾವುದೋ ಒಂದಿದೆ ಅಂದರು. ಕೊನೆಗೆ ಬದನೆಕಾಯಿ ಬಣ್ಣದ ಕಟ್ಟು ತೆಗೆದೆ.

"ಇದು ಯಾರದ್ದೂ ಅಲ್ಲ ನೋಡವ್ವಾ," ಅಂದರು ಯಜಮಾನರು.

"ಇನ್ನೂ ಯಾರೂ ಹಿಡಿದಿಲ್ಲ," ಅಂದ ತಮ್ಮ. ಆ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡೆ.

ಮೆರವಣಿಗೆಯ ದಿನ ಮಧ್ಯಾಹ್ನ ನಾವೆಲ್ಲ ಎಪಿಎಂಸಿ ಅಂಗಳದ ಹೊರಗೆ ಬದನೆಕಾಯಿ ಬಣ್ಣದ ಸೀರೆ ಕಚ್ಚೆ ಹಾಕಿ ಉಟ್ಟು, ಹೆಗಲಿಗೆ ಸಣ್ಣ ಕರಿ ಕಂಬಳಿ ಹಾಕಿಕೊಂಡು ನಿಂತಿದ್ದೆವು. ಬಿಸಿಲಿಗೆ ಡೊಳ್ಳಿನ ಚರ್ಮ ಚೆನ್ನಾಗಿ ಬಿಗಿದುಕೊಂಡು ಬೆರಳು ತಾಗಿದರೂ ಗುಂಯ್ ಅನ್ನುತ್ತಿತ್ತು. ಅಷ್ಟರಲ್ಲಿ ಆ ಮುಖಂಡರು ಒಂದು ಹೊರೆ ಶಾಲು ತಂದು ಅತ್ತಿಗೆಯ ಮುಂದೆ ಹಿಡಿದರು.

"ಒಂದ್ ಗಳಿಗೆ ಹಾಕ್ಕಳ್ರಿ ಅಕ್ಕಾರೆ. ಟಿವಿಯವ್ರು ಬಂದಾರೆ."

"ಮಾತು ಆಗಿತ್ತಲ್ರೀ ಅಣ್ಣಾ."

"ಶಾಲು ಇಲ್ದೆ ಮೆರವಣಿಗೆ ಮುಂದೆ ನಿಂತ್ರೆ ಜನ ಏನಂತಾರೆ?"

"ಡೊಳ್ಳಿನವ್ರು ಬಂದಾರೆ ಅಂತಾರೆ," ಅಂದಳು ಅತ್ತಿಗೆ. ಧ್ವನಿ ಏರಿಸಲಿಲ್ಲ. ಹೆಗಲಿನಿಂದ ಡೊಳ್ಳಿನ ಹಗ್ಗ ಸಡಿಲಿಸಿ ಕೆಳಗಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು ನಿಂತಳು. ನಾವೂ ಹಾಗೇ ಮಾಡಿದೆವು. ಎದುರು ಪಕ್ಷದವನ ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. ಶಾಲು ಹಾಕಿಕೊಂಡರೆ ಮನೆಗೆ ಹೇಗೆ ಹೋಗಲಿ ಅಂತ ಅವಳ ಮುಖ ಬಿಳಿಚಿಕೊಂಡಿತ್ತು. ಮುಖಂಡರು ನಮ್ಮನ್ನೂ ಜನರನ್ನೂ ನೋಡಿದರು. ಬೇರೆ ಡೊಳ್ಳು ತರಿಸುವಷ್ಟು ಹೊತ್ತು ಇರಲಿಲ್ಲ. ಶಾಲಿನ ಹೊರೆಯನ್ನು ಜೀಪಿಗೆ ಎಸೆದು, "ನಡೀರಿ, ನಡೀರಿ" ಅಂದರು.

ಆದರೂ ಮೆರವಣಿಗೆ ಹೊತ್ತಿಗೆ ಸರಿಯಾಗಿ ಹೊರಡಲಿಲ್ಲ. ನಟ ತಡಮಾಡಿದ. ಅವನು ಬಂದು, ಜನ ಅವನ ಕಾರು ಮುತ್ತಿ, ತೆರೆದ ವಾಹನ ಹತ್ತಿಸುವ ಹೊತ್ತಿಗೆ ಎದುರು ಪಕ್ಷಕ್ಕೆ ಪೊಲೀಸರು ಕೊಟ್ಟಿದ್ದ ವೇಳೆಯೂ ಶುರುವಾಗಿತ್ತು. ನಾವು ಬಸ್‌ಸ್ಟ್ಯಾಂಡಿನ ಸರ್ಕಲ್ ತಲುಪಿದಾಗ ಎದುರಿನಿಂದ ಅವರ ಮೆರವಣಿಗೆ ಬಂತು. ಅವರ ಮುಂದೆಯೂ ಡೊಳ್ಳು. ಗುಡವಿಯ ಕಡೆಯ ಗಂಡಸರ ತಂಡ, ಎಲ್ಲರ ಕೊರಳಲ್ಲೂ ಆ ಪಕ್ಷದ ಶಾಲು.

ಎರಡೂ ಕಡೆಯವರು ನಿಂತುಬಿಟ್ಟರು. ಯಾರೂ ಹಿಂದೆ ಸರಿಯುವವರಿಲ್ಲ. ಬೈಕಿನ ಹುಡುಗರು ಹಾರ್ನ್ ಒತ್ತಿ ಹಿಡಿದರು. ಈ ಕಡೆಯ ಘೋಷಣೆಗೆ ಆ ಕಡೆಯ ಘೋಷಣೆ, ಆಮೇಲೆ ಬೈಗುಳ. ಎಲ್ಲಿಂದಲೋ ಒಂದು ನೀರಿನ ಬಾಟಲಿ ಹಾರಿ ಬಂದು ನಮ್ಮ ಕಾಲ ಹತ್ತಿರ ಬಿತ್ತು. ಪೊಲೀಸರು ಲಾಠಿ ಅಡ್ಡ ಹಿಡಿದು ಓಡಿ ಬಂದರು. ಅವರಾದರೂ ನಾಲ್ಕಾರು ಮಂದಿ. ನಮ್ಮ ಅಂಗಡಿಯ ಶಟರ್ ಅರ್ಧ ಇಳಿದದ್ದು ನನಗೆ ಕಾಣುತ್ತಿತ್ತು. ಎರಡು ಗುಂಪಿನ ನಡುವೆ ನಾವು ಹೆಂಗಸರು, ಸೊಂಟದ ಮುಂದೆ ಡೊಳ್ಳು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಡೊಳ್ಳಿಗೇ ಅದು ತಾಗುತ್ತಿದೆ ಅನಿಸಿತು.

"ಹಿಂದಕ್ಕೆ ಹೋಗಾನ ಅತ್ಗೆ," ಅಂದೆ.

ಅತ್ತಿಗೆ ಹಿಂದಕ್ಕೆ ಹೋಗಲಿಲ್ಲ. ನೇರ ಮುಂದೆ ನಡೆದು ಆ ಗಂಡಸರ ತಂಡದ ಹಿರಿಯನ ಎದುರು ನಿಂತಳು. ಬಿಳಿ ಮೀಸೆಯ, ಸಣಕಲು ಮೈಯ ಮನುಷ್ಯ. ಅವನ ಮುಖ ನೋಡುತ್ತಲೇ ಅತ್ತಿಗೆ ಬಡಿತ ಶುರುಮಾಡಿದಳು. ಮೆರವಣಿಗೆಯ ಕುಣಿತದ ಬಡಿತವಲ್ಲ ಅದು. ದೇವರ ಗುಡಿಯ ಬಾಗಿಲು ತೆಗೆಯುವಾಗ ನಾವು ಬಡಿಯುವ ವರಸೆ, ನಿಧಾನವಾದದ್ದು, ಪ್ರತಿ ಪೆಟ್ಟಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಇರುವಂಥದ್ದು.

ಹಿರಿಯ ಒಂದು ಕ್ಷಣ ಅವಳನ್ನೇ ನೋಡಿದ. ದೇವರ ಆ ವರಸೆ ಕೇಳಿದ ಮೇಲೆ ಡೊಳ್ಳು ಹಿಡಿದ ನಮ್ಮ ಜನ ಯಾರೂ ಸುಮ್ಮನೆ ನಿಲ್ಲುವಂತಿಲ್ಲ. ಡೊಳ್ಳಿಗೆ ಅಡ್ಡ ಬರುತ್ತಿದ್ದ ಶಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಉತ್ತರ ಕೊಟ್ಟ. ಅವನ ಹಿಂದಿನವರು ಸೇರಿದರು. ಅತ್ತಿಗೆ ನಮ್ಮ ಕಡೆ ತಲೆ ತಿರುಗಿಸಿ ಕಣ್ಣಲ್ಲೇ ಕರೆದಳು. ನಾವೂ ಸೇರಿದೆವು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ. ಅವರು ಒಂದು ಸಾಲು ಬಡಿದರೆ ನಾವು ಅದನ್ನೇ ತಿರುಗಿಸಿ ಬಡಿಯುತ್ತಿದ್ದೆವು. ನಾವು ವೇಗ ಏರಿಸಿದರೆ ಅವರು ಇನ್ನೂ ಏರಿಸುತ್ತಿದ್ದರು. ಹಿರಿಯ ಮೊಣಕಾಲೂರಿ ನೆಲದ ಮಟ್ಟಕ್ಕೆ ಡೊಳ್ಳಿಳಿಸಿದ, ಅತ್ತಿಗೆಯೂ ಇಳಿದಳು. ಅವನು ಎದ್ದು ಗಿರ್ರನೆ ತಿರುಗಿದ, ಅತ್ತಿಗೆಯೂ ತಿರುಗಿದಳು. ಸುತ್ತ ತಾನಾಗಿ ದೊಡ್ಡ ವೃತ್ತದಷ್ಟು ಜಾಗ ಬಿಟ್ಟುಕೊಂಡಿತು. ಹಾರ್ನ್ ಯಾವಾಗ ನಿಂತಿತೋ ಗೊತ್ತಿಲ್ಲ. ಎರಡೂ ಬಣ್ಣದ ಶಾಲಿನವರು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನೋಡುತ್ತಿದ್ದರು, ಶಿಳ್ಳೆ ಹೊಡೆಯುತ್ತಿದ್ದರು. ಬಸ್ಸಿನವರು ಬಸ್ಸು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದ್ದರು. ನಟನನ್ನು ನೋಡಲು ಬಂದವರೆಲ್ಲ ಅವನಿಗೆ ಬೆನ್ನು ಹಾಕಿ ನಿಂತಿದ್ದರೆ, ಅವನು ವಾಹನದ ಮೇಲಿಂದ ತನ್ನ ಮೊಬೈಲಿನಲ್ಲಿ ನಮ್ಮ ವಿಡಿಯೋ ಮಾಡಿಕೊಳ್ಳುತ್ತಿದ್ದ. ನನ್ನ ಪಕ್ಕದವಳ ಗಂಡ, ಆ ಬೂತ್ ಕೆಲಸದವನು, ಎದುರು ಗುಂಪಿನಲ್ಲೇ ಇದ್ದ. ಹೆಂಡತಿಯನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವಳು ಅವತ್ತು ಬಡಿದಷ್ಟು ಚೆನ್ನಾಗಿ ಯಾವತ್ತೂ ಬಡಿದಿರಲಿಲ್ಲ.

ಅದೇ ಸಮಯ ನೋಡಿ ಪೊಲೀಸರು ಒಂದು ಮೆರವಣಿಗೆಯನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಿದರು. ಬಡಿತ ನಿಂತಾಗ ಹಿರಿಯ ಏದುಸಿರು ಬಿಡುತ್ತ ಅತ್ತಿಗೆಯ ಹತ್ತಿರ ಬಂದ.

"ಯಾರ ಮಗಳವ್ವಾ ನೀನು?"

ಅತ್ತಿಗೆ ಅಪ್ಪನ ಹೆಸರು ಹೇಳಿದಳು.

"ಅದಕ್ಕೇ ಮತ್ತೆ," ಅಂದ ಅವನು. ಕೈಯೆತ್ತಿ ಅವಳ ಡೊಳ್ಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತನ್ನ ದಾರಿ ಹಿಡಿದ.

ಆಮೇಲೆ ರಗಳೆಯೂ ಆಯಿತು. ಎದುರಿನವರ ಜೊತೆ ಸೇರಿ ಬಡಿದು ನಮ್ಮ ಮಾನ ಕಳೆದಿರಿ ಅಂತ ಮುಖಂಡರು ಸಿಡುಕಿದರು. ಸಂಜೆಯೊಳಗೆ ವಿಡಿಯೋ ಎಲ್ಲರ ಸ್ಟೇಟಸ್ಸಿನಲ್ಲೂ ಬಂತು. ಒಬ್ಬರು ಅದಕ್ಕೆ ತಮ್ಮ ಪಕ್ಷದ ಹಾಡು ಅಂಟಿಸಿದರೆ ಇನ್ನೊಬ್ಬರು ತಮ್ಮ ಪಕ್ಷದ ಹಾಡು ಅಂಟಿಸಿದರು. ಇಬ್ಬರೂ ಡೊಳ್ಳಿನ ಸದ್ದನ್ನೇ ತೆಗೆದುಹಾಕಿದ್ದರು. ಅದಕ್ಕೆ ಅತ್ತಿಗೆಗೆ ಬಂದಷ್ಟು ಸಿಟ್ಟು ಮುಖಂಡರ ಬೈಗುಳಕ್ಕೂ ಬಂದಿರಲಿಲ್ಲ. ಊರಿನಲ್ಲಿ ಬೂತ್ ಕೆಲಸದವನು ಹೆಂಡತಿಗೆ ಇನ್ನು ತಂಡಕ್ಕೆ ಹೋಗಬೇಡ ಅಂದನಂತೆ. ಅತ್ತಿಗೆ ಅವನ ಮನೆಗೇ ಹೋದಳು. ನಾನೂ ಜೊತೆಗಿದ್ದೆ.

"ನಿನ್ನ ಹೆಂಡ್ತಿ ಶಾಲು ಹಾಕಿದ್ಲೇನಪ್ಪಾ?"

"ಇಲ್ಲ."

"ಜೈಕಾರ ಹಾಕಿದ್ಲೇನು?"

"ಇಲ್ಲ ಬಿಡ್ರಿ."

"ಚೆನ್ನಾಗಿ ಬಡಿದ್ಲೋ ಇಲ್ವೋ?"

ಅವನು ನಗು ತಡೆಯಲಾಗದೆ ಒಳಗೆ ಕೂಗಿದ: "ಏ, ಅಕ್ಕಾರಿಗೆ ಚಾ ಮಾಡೇ." ಚಾ ತಂದುಕೊಟ್ಟ ಅವನ ಹೆಂಡತಿ ಮುಂದಿನ ಅಭ್ಯಾಸ ಯಾವಾಗ ಅಂತ ಅವನೆದುರೇ ಕೇಳಿದಳು.

ಮತದಾನ ಮುಗಿಯಿತು, ಎಣಿಕೆಯೂ ಮುಗಿಯಿತು. ನಮ್ಮ ಅಂಗಡಿಯ ಅಣ್ಣತಮ್ಮಂದಿರಲ್ಲಿ ಒಬ್ಬರು ಸಿಹಿ ಹಂಚಿದರು, ಇನ್ನೊಬ್ಬರು ಮುಖ ಸಿಂಡರಿಸಿಕೊಂಡೇ ತಿಂದರು. ಹೆಂಗಸರು ಮತ್ತೆ ಎಲ್ಲ ಬಣ್ಣದ ಸೀರೆಯನ್ನೂ ಧೈರ್ಯವಾಗಿ ಕೇಳತೊಡಗಿದರು.

ಒಂದು ದಿನ ಗುಡವಿಯ ಕಡೆಯ ಆ ಹಿರಿಯ ಅತ್ತಿಗೆಗೆ ಫೋನ್ ಮಾಡಿದ. ತನ್ನ ತಂಡದಲ್ಲೂ ಹುಡುಗರು ಉಳಿಯುತ್ತಿಲ್ಲ, ತನ್ನಜ್ಜನ ಕಾಲದ ಕೆಲವು ವರಸೆ ತನ್ನೊಬ್ಬನ ಕೈಯಲ್ಲಷ್ಟೇ ಇವೆ, ಕಲಿಯುವ ಮನಸ್ಸಿದ್ದರೆ ಬನ್ನಿ ಅಂದ. ಗಂಡಸರಿಗೇ ಯಾಕೆ ಕಲಿಸಬಾರದು ಅಂತ ಅವನ ಊರಿನವರು ಕೇಳಿದರಂತೆ. "ಕೇಳ್ಕಂಡು ಬರೋರಿಗೆ ಕಲಿಸ್ತೀನಿ" ಅಂದನಂತೆ.

ಈಗ ಭಾನುವಾರ ನಾನು ಶಿಕಾರಿಪುರದಿಂದ, ಉಳಿದವರು ಊರಿನಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇವೆ. ಡೊಳ್ಳು ಬಸ್ಸಿನ ಮೇಲೆ ಹಾಕಿಸುವಾಗ ಕಂಡಕ್ಟರ್ ಗೊಣಗುತ್ತಾನೆ, ಆಮೇಲೆ ತಾನೇ ಹಗ್ಗ ಕಟ್ಟುತ್ತಾನೆ. ಹಿರಿಯ ಅಂಗಳದಲ್ಲಿ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ತಟ್ಟಿ ತೋರಿಸುತ್ತಾನೆ. ನಾವು ತಪ್ಪಿದರೆ ಹಲ್ಲು ಕಚ್ಚಿ ಮತ್ತೆ ತಟ್ಟುತ್ತಾನೆ. ಕಳೆದ ವಾರ ಅತಿ ಕಷ್ಟದ ಒಂದು ವರಸೆಯನ್ನು ನಾವೆಲ್ಲ ತಪ್ಪಿಲ್ಲದೆ ಕೊನೆಮುಟ್ಟಿಸಿದೆವು. ಅವನು ಎದ್ದು ಒಳಗೆ ಹೋಗಿ ತನ್ನ ಡೊಳ್ಳು ತಂದು ಹೆಗಲಿಗೇರಿಸಿ, ನಮ್ಮ ಸಾಲಿನ ಕೊನೆಯಲ್ಲಿ ಬಂದು ನಿಂತ.

"ಹೂಂ, ಶುರು ಮಾಡವ್ವಾ," ಅಂದ ಅತ್ತಿಗೆಗೆ.